ಸಾಂತಾ ಫೆಯ ಮನೆಯವಳು

ವಡಾಲದ ಆ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಆ ಬೆಳಿಗ್ಗೆ ನಾವು ಮೂವರು ಡ್ರೈವರುಗಳಿದ್ದೆವು: ಸಿಯೆನಾ, ಸಾಂತಾ ಫೆ, ಮತ್ತೆ ನಾನು, ಟೂಸಾನ್. ಹೆಸರು ಹಿಡಿದು ಕರೆಯುವ ರೂಢಿಯೇ ನಮ್ಮಲ್ಲಿರಲಿಲ್ಲ. ಯಾರು ಯಾವ ಗಾಡಿ ಓಡಿಸುತ್ತಾನೋ ಅದೇ ಅವನ ಹೆಸರು. ಇವೆಲ್ಲ ಪರದೇಶದ ಊರುಗಳೆಂದು ನಮ್ಮ ಸೇಠರ ಮಗಳು ಮೊಬೈಲಿನಲ್ಲಿ ಚಿತ್ರ ತೋರಿಸಿದ ಮೇಲಂತೂ ಆ ಊರುಗಳೂ ನಮ್ಮವೇ ಆಗಿಬಿಟ್ಟವು.

"ಏ ಟೂಸಾನ್, ನಿಮ್ಮೂರು ಬರೀ ಮರಳುಗಾಡಂತಲ್ಲೋ. ಕುಡಿಯಾಕ ನೀರರ ಅದಾವೇನು?" ಎಂದು ವಿಜಾಪುರದ ಕಡೆಯ ಸಾಂತಾ ಫೆ ಕೆಣಕುತ್ತಿದ್ದ.

"ನಿಮ್ಮೂರಲ್ಲಿ ಬರೀ ಮಣ್ಣಿನ ಮನೆ ಮಾರಾಯ, ಸುಮ್ಮನೆ ಕೂತ್ಕೊ," ಎಂದು ಉಡುಪಿಯ ಸಿಯೆನಾ ನನ್ನ ಪರ ನಿಲ್ಲುತ್ತಿದ್ದ.

ಅಂದು ಗೇಟಿಗೆ ಅಡ್ಡ ಯಾರೋ ಕಾರು ನಿಲ್ಲಿಸಿದ್ದರು. "ಭಾವು, ಗಾಡಿ ಜರಾ ಪೀಛೆ ಲೋ," ಎಂದು ಗಾಡಿ ಹಿಂದೆ ತೆಗೆಯಲು ಹೇಳಿದ ಸಾಂತಾ ಫೆ. ಕಾರಿನವನು ತಾಯಿ ಎತ್ತಿ ಬೈದ. ಇವನೂ ಬೈದ. ಅವನು ಇಳಿದವನೇ ಡಿಕ್ಕಿಯಿಂದ ಕಬ್ಬಿಣದ ರಾಡು ತೆಗೆದು ಇವನ ಕಿವಿಯ ಮೇಲೆ ಬೀಸಿದ. ಒಣ ಕಟ್ಟಿಗೆ ಮುರಿದಂಥ ಸದ್ದು. ಬಿದ್ದವನ ತಲೆಗೆ ಇನ್ನೊಂದು. ತಡೆಯಲು ಹೋದ ಸಿಯೆನಾನ ಮಣಿಕಟ್ಟು ಮುರಿಯಿತು. ನನ್ನ ಕೈಯಲ್ಲಿ ಚಕ್ರದ ನಟ್ಟು ಬಿಚ್ಚುವ ವೀಲ್ ಪಾನಾ ಇತ್ತು. ಆ ರಾಡಿನವನ ಬಾಯಿಗೆ ಹೊಡೆದೆ. ಹಲ್ಲು ಉದುರಿ ಬಿದ್ದ ಮೇಲೂ ಹೊಡೆದೆ. ಅದನ್ನು ಮುಚ್ಚಿಡಲಾರೆ. ವಾಚ್‌ಮನ್ ಬಂದು ಹಿಂದಿನಿಂದ ತಬ್ಬಿ ಎಳೆಯುವವರೆಗೂ ಹೊಡೆಯುತ್ತಲೇ ಇದ್ದೆ.

ಸಾಂತಾ ಫೆಯನ್ನೂ ಕಾರಿನವನನ್ನೂ ಒಂದೇ ಆಸ್ಪತ್ರೆಗೆ ತಂದರು. ಕಾರಿನವನ ಹೆಸರು ಆಗಲೇ ಕಾಗದದ ಮೇಲಿತ್ತು.

"ಇಸ್ಕಾ ನಾಮ್?" ಎಂದಳು ನರ್ಸ್.

"ಸಾಂತಾ ಫೆ," ಎಂದುಬಿಟ್ಟೆ.

ಆರು ವರ್ಷ ಒಂದೇ ಡಬ್ಬಿಯಲ್ಲಿ ಉಂಡಿದ್ದೆವು. ಅವನ ನಿಜವಾದ ಹೆಸರು ಗೊತ್ತಿಲ್ಲ, ಹಳ್ಳಿ ಗೊತ್ತಿಲ್ಲ. ಅವನ ಸೇಠರಿಗೆ ಫೋನ್ ಮಾಡಿದರೆ, ಅವರ ಮೊಬೈಲಿನಲ್ಲೂ 'ಡ್ರೈವರ್ ಸಾಂತಾ ಫೆ' ಎಂದಷ್ಟೇ. ಲೈಸೆನ್ಸು ಗಾಡಿಯೊಳಗೆ, ಗಾಡಿಯ ಚಾವಿ ಪೊಲೀಸರ ಕೈಯಲ್ಲಿ. "ಘರ್‌ವಾಲೋಂ ಕೋ ಜಲ್ದಿ ಬುಲಾವೋ, ಟೈಮ್ ಕಮ್ ಹೈ," ಮನೆಯವರನ್ನು ಬೇಗ ಕರೆಸಿ, ಹೆಚ್ಚು ಹೊತ್ತಿಲ್ಲ ಎಂದು ಹೇಳಿ ಡಾಕ್ಟರು ಒಳಗೆ ಹೋದರು.

ಅವನ ಮೊಬೈಲು ಜಗಳದಲ್ಲಿ ಪುಡಿಯಾಗಿತ್ತು. ಅದರ ಸಿಮ್ ತೆಗೆದು ಸಿಯೆನಾನ ಫೋನಿಗೆ ಹಾಕಿ ಕಾದೆವು. ದಿನಾ ಒಂದು ಗಂಟೆಗೆ ಅವನ ಹೆಂಡತಿಯ ಫೋನ್ ಬರುತ್ತಿತ್ತು. ಅಂದೂ ಬಂತು.

"ಊಟ ಆತೇನ್ರಿ?"

"ಅಕ್ಕಾ, ನಾನು ಅವರ ಜೊತೆಗಾರ. ಅವರ ತಲೆಗೆ ಜೋರು ಪೆಟ್ಟಾಗಿದೆ. ಈಗಲೇ ಹೊರಡಿ. ಮತ್ತೆ... ಅವರ ಹೆಸರು ಹೇಳಿ, ಇಲ್ಲಿ ಬರೆಸಬೇಕು."

"ಅವರ ಹೆಸರು ನಾ ಹೆಂಗ ಹೇಳ್ಲೋ ಅಣ್ಣಾ? ಲಗ್ನ ಆದಾಗಿಂದ ಒಮ್ಮಿನೂ ಅಂದಿಲ್ಲ."

"ಹೇಳಲೇಬೇಕು ಅಕ್ಕಾ."

ಹೇಳಿದಳು. ಮೊದಲು ಮೆಲ್ಲಗೆ, ಆಮೇಲೆ ಅಳುತ್ತ ಜೋರಾಗಿ, ಅಪ್ಪನ ಹೆಸರೂ ಊರೂ ಸೇರಿಸಿ. ನಾನು ಒಂದೊಂದೇ ಅಕ್ಷರ ನರ್ಸಿಗೆ ಬರೆಸಿದೆ.

ಬಸ್ಸು ಹಿಡಿದು ಮರುದಿನ ಬೆಳಿಗ್ಗೆ ಬಂದಳು. ಅವನಿಗೆ ಅವಳ ಗುರುತು ಸಿಕ್ಕಿತು, ಬೆರಳು ಹಿಡಿದುಕೊಂಡ. ಮೂರನೆಯ ದಿನ ತೀರಿಕೊಂಡ.

ಮುಂದಿನ ವಾರ ಆ ಗಾಡಿಗೆ ಹೊಸ ಡ್ರೈವರ್ ಬಂದ. ಕೈಗೆ ಪ್ಲಾಸ್ಟರು ಹಾಕಿಕೊಂಡಿದ್ದ ಸಿಯೆನಾ ಎದ್ದು ಅವನಿಗೆ ಕುರ್ಚಿ ಕೊಟ್ಟು, "ಮೊದಲು ಹೆಸರು ಹೇಳು ಮಾರಾಯ. ಮನೆಯವರ ಫೋನ್ ನಂಬರೂ ಹೇಳು," ಎಂದ.