ಸಾಲಿ ಮೇಡಂ ಹತ್ತಿದ ಮಡಿಕೇರಿ ಬಸ್ಸು

ಮುರಿದ ಎಲುಬನ್ನು ಕೂಡಿಸುವವರಿಗೆ ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಎಂದೂ ಗೌರವ ಕಡಿಮೆಯಾಗಿಲ್ಲ. ಕೂಡಿದ ಎಲುಬಿನ ಮೇಲೆ ಮನುಷ್ಯನನ್ನು ಮತ್ತೆ ನಿಲ್ಲಿಸುವವರಿಗೂ ಅಷ್ಟೇ ಗೌರವ ಸಲ್ಲಬೇಕೆಂಬುದನ್ನು ಮೂವತ್ತೊಂದು ವರ್ಷಗಳ ಸೇವೆಯಿಂದ ತೋರಿಸಿಕೊಟ್ಟವರು, ಈ ತಿಂಗಳು ನಿವೃತ್ತರಾಗುತ್ತಿರುವ ಫಿಸಿಯೋಥೆರಪಿಸ್ಟ್ ಶ್ರೀಮತಿ ಸಾಲಿ ಸೆಬಾಸ್ಟ್ಯನ್.

ನೆಲ್ಯಾಡಿಯ ರಬ್ಬರ್ ಕೃಷಿಕರ ಮಗಳಾದ ಅವರು ಪುತ್ತೂರಿನ ಆಸ್ಪತ್ರೆಯೊಂದಕ್ಕೆ ಸೇರಿದಾಗ ಸಿಕ್ಕಿದ್ದು ಎಕ್ಸ್‌ರೇ ಕೋಣೆಯ ಪಕ್ಕದ ಮೂಲೆ, ಹಿಡಿದು ನಡೆಯಲು ಎರಡು ಕಬ್ಬಿಣದ ಸರಳು. ಕೊಯಿಲದಂಥ ದೂರದ ಊರಿನಿಂದ ಬಂದವರಿಗೆ ಹಿಂದಿರುಗುವ ಬಸ್ಸು ತಪ್ಪಬಾರದೆಂದು ತಮ್ಮ ಊಟವನ್ನು ಮೂರು ಗಂಟೆಗೆ ತಳ್ಳುತ್ತಿದ್ದರು.

ಅವರ ಹಿರಿಮೆ ನಿಜವಾಗಿ ಕಂಡದ್ದು ಅವರು ತಪ್ಪು ಮಾಡಿದಾಗ. ಸಂಪಾಜೆಯ ಅಚ್ಚುತ ಮಡಿಕೇರಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ಮುರಿದ ಪಾದದ ಗಂಟು ಸಾಲಿಯವರ ಕೈಯಲ್ಲಿ ಗುಣವಾಗಿ ಕೆಲಸಕ್ಕೆ ಮರಳಿದ ವಾರದಲ್ಲೇ ಘಾಟಿಯ ತಿರುವುಗಳಲ್ಲಿ ಮೂರು ಸಲ ಬಿದ್ದರು. ಇನ್ನೊಮ್ಮೆ ಬಿದ್ದರೆ ಬಸ್ಸು ಹತ್ತುವುದು ಬೇಡವೆಂದು ಮಾಲಕರು ಹೇಳಿಬಿಟ್ಟರು.

"ಕಾಲಲ್ಲಿ ಬಲ ಉಂಟು ಮೇಡಂ. ಆದರೂ ಬೀಳುದು ಎಂತಕ್ಕೆ?" ಎಂದು ಅಚ್ಚುತ ಬಂದು ಕೇಳಿದರು. ಮರುದಿನ ಸಾಲಿಯವರು ರಜೆ ಹಾಕಿ ಅದೇ ಬಸ್ಸು ಹತ್ತಿದರು. ಮೂರನೆಯ ತಿರುವಿನಲ್ಲಿ ಕಾರಣ ಕಂಡಿತು. ಅಚ್ಚುತ ಮೊಣಕಾಲನ್ನೂ ಸೊಂಟವನ್ನೂ ಬಿಗಿಹಿಡಿದು ಕಂಬದಂತೆ ನಿಂತಿದ್ದರು. ಬಸ್ಸು ವಾಲಿದಾಗೆಲ್ಲ ಇಡೀ ಮೈಯನ್ನು ಪಾದದ ಗಂಟೊಂದೇ ತಡೆಯಬೇಕಾಗಿತ್ತು. ಹಾಗೆ ಬಿಗಿಯಾಗಿ ನಿಲ್ಲಲು ಹೇಳಿಕೊಟ್ಟವರು ತಾವೇ ಎಂಬುದು ಸಾಲಿಯವರಿಗೆ ನೆನಪಾಯಿತು.

ಚಹಾಕ್ಕೆ ಬಸ್ಸು ನಿಂತಾಗ ಸಾಲಿಯವರು ಡ್ರೈವರ್ ಎದುರಿಗೇ ಹೇಳಿದರು: "ಅಚ್ಚುತಣ್ಣ, ತಪ್ಪು ನಂದು. ಸುಮ್ಮನೆ ನಿಂತವರ ಮೈ ಕೂಡ ಅಲುಗ್ತಾ ಇರ್ತದೆ. ಪಾದದ ಗಂಟಿನಲ್ಲಿ ಮೈ ಮುಂದೆ ವಾಲಿದ್ರೆ ಸೊಂಟ ಹಿಂದೆ ತರ್ತದೆ, ಮೊಣಕಾಲು ನಡುವೆ ಹೊಂದಿಸ್ತದೆ. ನಾನು ನಿಮ್ಮ ಸೊಂಟಕ್ಕೂ ಮೊಣಕಾಲಿಗೂ ಕೆಲಸವೇ ಕೊಡಲಿಲ್ಲ."

"ಅದಕ್ಕೆಂತ ಮೇಡಂ, ಈಗ ಕೊಡುವ," ಎಂದರು ಅಚ್ಚುತ.

ಆರು ವಾರ ಮೆತ್ತನೆಯ ಹಾಸಿನ ಮೇಲೆ ನಿಂತು, ಕಣ್ಣು ಮುಚ್ಚಿ, ಕೊನೆಗೆ ಚಲಿಸುವ ಬಸ್ಸಿನಲ್ಲೇ ಅಭ್ಯಾಸ ನಡೆಯಿತು. ಆಮೇಲೆ ಒಂಬತ್ತು ವರ್ಷ ಅಚ್ಚುತ ಘಾಟಿಯಲ್ಲಿ ನಿಂತೇ ಟಿಕೆಟ್ ಹರಿದರು, ಒಮ್ಮೆಯೂ ಬೀಳಲಿಲ್ಲ. ತಮ್ಮ ತಪ್ಪನ್ನು ಸಾಲಿಯವರು ಮುಚ್ಚಿಡಲಿಲ್ಲ. ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಅದನ್ನೇ ಮೊದಲ ಪಾಠವಾಗಿ ಹೇಳಿದರು. ಅದನ್ನು ಕೇಳಿ ಬೆಳೆದ ಅವರ ಕಿರಿಯ ಸಹೋದ್ಯೋಗಿಗಳು ನಾವು ಎಂಬುದೇ ನಮಗೆ ಹೆಮ್ಮೆ.

ಬರುವ ತಿಂಗಳಿಂದ ಅವರು ಕಡಬದಲ್ಲಿ ಹಿರಿಯರಿಗಾಗಿ ಬೀಳದೆ ನಿಲ್ಲುವುದನ್ನು ಕಲಿಸುವ ತರಗತಿ ನಡೆಸಲಿದ್ದಾರೆ. ಮೊದಲು ಹೆಸರು ಬರೆಸಿದ ಎಂಬತ್ತೆರಡರ ದುಗ್ಗಮ್ಮ, "ಎಷ್ಟು ವರ್ಷದ ಕೋರ್ಸು ಇದು?" ಎಂದು ಕೇಳಿದರಂತೆ. "ನೀವು ಬರುವಷ್ಟು ವರ್ಷ" ಎಂದರಂತೆ ಸಾಲಿ ಮೇಡಂ. ಆ ಮಾತು ನಡೆಸಿಕೊಡುವಷ್ಟು ಆಯುಷ್ಯ, ಆರೋಗ್ಯ ಅವರದಾಗಲಿ.