ಹಗ್ಗ ಎಳೆದವರದೇ ಗಾಡಿ

ಚೆಲುವೇಗೌಡರನ್ನು ನಾನು ಮೊದಲು ನೋಡಿದಾಗ ಅವರು ಚಡ್ಡಿ, ಹವಾಯಿ ಚಪ್ಪಲಿ ಹಾಕಿಕೊಂಡು, ಸುಡುವ ಬಿಸಿಲಿನಲ್ಲಿ ತಮ್ಮ ಮನೆಯ ಡ್ರೈವ್‌ವೇನಲ್ಲಿ ನಿಂತು ಹಿಮದ ಮೇಲೆ ಓಡುವ ಗಾಡಿಯೊಂದನ್ನು ಸ್ಟಾರ್ಟ್ ಮಾಡುತ್ತಿದ್ದರು. ಅಮೆರಿಕದ ಪಶ್ಚಿಮ ಕರಾವಳಿಯ ಈ ಎವರ್‌ಗ್ರೀನ್ ಬಡಾವಣೆಯಲ್ಲಿ ಹಿಮ ಬೀಳುವುದಿಲ್ಲ. ಯಾವಾಗಲಾದರೊಮ್ಮೆ ಗುಡ್ಡದ ನೆತ್ತಿ ಬೆಳ್ಳಗಾದರೆ ಜನ ಫೋಟೋ ತೆಗೆದು ಊರಿಗೆ ಕಳಿಸುತ್ತಾರೆ, ಮಧ್ಯಾಹ್ನದ ಊಟದ ಹೊತ್ತಿಗೆ ಅದೂ ಕರಗಿರುತ್ತದೆ. ಅಂಥ ಕಡೆ, ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ರಬ್ಬರ್ ಪಟ್ಟಾ ಇರುವ ಹಳದಿ ಸ್ನೋಮೊಬೈಲಿನ ಹಿಂಭಾಗವನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎತ್ತಿಟ್ಟು, ಗೌಡರು ಹಗ್ಗ ಎಳೆಯುತ್ತಿದ್ದರು. ಗಾಡಿ ಕೆಮ್ಮಿತು, ಸುಮ್ಮನಾಯಿತು, ಮತ್ತೆ ಕೆಮ್ಮಿ ಹೊತ್ತಿಕೊಂಡಿತು. ನೀಲಿ ಹೊಗೆ ಬೀದಿ ತುಂಬಿತು. ಪಕ್ಕದ ಮನೆಯ ಚೀನೀ ಅಜ್ಜಿ ಕಿಟಕಿ ಮುಚ್ಚಿಕೊಂಡರು. ಅವರ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ, ಭಾನುವಾರ ಎಂದರೆ ಹೀಗೇ ಎಂದು ಅವರಿಗೆ ಅಭ್ಯಾಸವಾಗಿತ್ತು.

"ಮೂಸ್ ನೋಡ್ಲಾ" ಎಂದರು ಗೌಡರು, ನನ್ನ ಹೆಸರನ್ನೂ ಕೇಳದೆ. "ಇಂಥ ವಾಸ್ನೆ ಈಗಿನ್ ಗಾಡಿಲಿ ಬತ್ತದಾ?"

ನಾನು ಹೋಗಿದ್ದು ಅವರು ಮಾರಾಟಕ್ಕಿಟ್ಟಿದ್ದ ಡೈನಿಂಗ್ ಟೇಬಲ್ ನೋಡಲು. ಸಂಜೆಯವರೆಗೂ ಕಾರ್ಬುರೇಟರ್ ನೋಡಿದೆ, ಸ್ಪಾರ್ಕ್ ಪ್ಲಗ್ ನೋಡಿದೆ, ಅವರ ಹೆಂಡತಿ ಜಯಮ್ಮನವರು, ಆಮೇಲಾಮೇಲೆ ನನಗೆ ಜಯಕ್ಕ, ಮಾಡಿದ ಮುದ್ದೆ, ಬಸ್ಸಾರು ಉಂಡೆ. ಟೇಬಲ್ ಈಗಲೂ ಅವರ ಮನೆಯಲ್ಲೇ ಇದೆ.

ಗೌಡರು ಮದ್ದೂರಿನ ಕಡೆಯವರು. ಎಂಜಿನಿಯರಾಗಿ ಈ ದೇಶಕ್ಕೆ ಬಂದಾಗ ಮೊದಲ ಕೆಲಸ ಸಿಕ್ಕಿದ್ದು ಮಿನೆಸೋಟದಲ್ಲಿ. ಅಲ್ಲಿಯ ಚಳಿಗೆ ಕಾರೇ ಸ್ಟಾರ್ಟ್ ಆಗದ ಒಂದು ಬೆಳಿಗ್ಗೆ, ಹಾಲು ತರಲು ಹೊರಟಿದ್ದ ಇವರನ್ನು ಪಕ್ಕದ ತೋಟದ ರೈತ ತನ್ನ ಸ್ನೋಮೊಬೈಲಿನ ಹಿಂದೆ ಕೂರಿಸಿಕೊಂಡನಂತೆ. ಹಾಲು ತಂದ ಗೌಡರ ಕಣ್ಣೆಲ್ಲ ಆ ಗಾಡಿಯ ಮೇಲೆಯೇ ನೆಟ್ಟುಹೋಯಿತು. ಮುಂದಿನ ಚಳಿಗಾಲಕ್ಕೆ ಆ ರೈತನ ಹಳೆಯ ಗಾಡಿ, ಇದೇ ಹಳದಿಯದು, ಇವರ ಮನೆಗೆ ಬಂತು. ಅದರ ಬೆನ್ನಿಗೇ ಊರಿನಿಂದ ಹೊಸ ಹೆಂಡತಿಯೂ ಬಂದರು. ಗೌಡರು ಹೇಳುವಾಗ ಯಾವಾಗಲೂ ಇದೇ ಕ್ರಮದಲ್ಲಿ ಹೇಳುತ್ತಿದ್ದರು, ಜಯಕ್ಕ ಅಡುಗೆಮನೆಯಿಂದಲೇ, "ಹೌದೌದು, ಸವ್ತಿ ಮೊದ್ಲು ಬಂದಿದ್ದು" ಎನ್ನುತ್ತಿದ್ದರು.

ಬಂದ ವಾರದಲ್ಲೇ ಗೌಡರು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೆಪ್ಪುಗಟ್ಟಿದ ಕೆರೆಯ ಮೇಲೆ ಒಂದು ಸುತ್ತು ಹೊಡೆಸಿದರು. ಗೌಡರ ಪ್ರಕಾರ ಅದು ಮೆರವಣಿಗೆ. ಜಯಕ್ಕನ ಪ್ರಕಾರ ಬೇರೆ.

"ನಮ್ಮೂರ ಕಡೆ ಕೆರೇಲಿ ಎಮ್ಮೆ ಇಳೀತವೆ, ಜನ ಈಜ್ತಾರೆ. ಇವ್ರು ಗಾಡಿ ಇಳ್ಸುದ್ರು. ಮದ್ವೆಯಾದ ವರ್ಸಕ್ಕೇ ಮುಳುಗುಸ್ತಾವ್ರಲ್ಲಪ್ಪ ಅಂತ ಕಣ್ಮುಚ್ಕಂಡು ಕೂಗ್ದೆ. ಇವ್ರು ಹಿಂದಕ್ಕೆ ತಿರುಗಿ ಏನಂದ್ರು ಗೊತ್ತಾ? ಹಿಂದೆ ಕೂತೋರು ಬಾಯಿ ಬಿಡಂಗಿಲ್ಲ ಅಂದ್ರು."

ಅದು ಗೌಡರ ಎರಡು ಕಾನೂನುಗಳಲ್ಲಿ ಒಂದು. ಇನ್ನೊಂದು, ಹಗ್ಗ ಎಳೆದವರದೇ ಗಾಡಿ. ಅಂದರೆ ಹಗ್ಗ ಎಳೆದು ಯಾರು ಸ್ಟಾರ್ಟ್ ಮಾಡುತ್ತಾರೋ ಅವರೇ ಓಡಿಸಬೇಕು. ಸ್ಟಾರ್ಟ್ ಮಾಡಲಾಗದವನಿಗೆ ಓಡಿಸುವ ಹಕ್ಕಿಲ್ಲ. ಆ ಹಗ್ಗವೋ, ಎಳೆದರೆ ಭುಜವೇ ಕಿತ್ತು ಕೈಗೆ ಬರುವಷ್ಟು ಬಿಗಿ. ನಾನು ಎಳೆದಾಗಲೆಲ್ಲ ಗಾಡಿ ನನ್ನನ್ನೇ ಮುಂದಕ್ಕೆ ಎಳೆದುಕೊಂಡಿದೆ.

ನಮ್ಮ ಮೂರನೆಯವರು ಮೂರ್ತಿ. ಮೈಸೂರಿನವರು, ಫಾಸ್ಟರ್ ಸಿಟಿಯ ಆಫೀಸಿನಲ್ಲಿ ನನ್ನ ಪಕ್ಕದ ಸೀಟು. ಪ್ರಪಂಚದ ಯಾವ ಸ್ನೋಮೊಬೈಲಿನ ತೂಕ, ಉದ್ದ, ಪಟ್ಟಾದ ಹಲ್ಲಿನ ಎತ್ತರ ಕೇಳಿದರೂ ನಿದ್ದೆಯಲ್ಲೂ ಹೇಳುವವರು. ಗೌಡರ ಹೊಗೆಯ ಕಥೆ ಹೇಳಿದ್ದೇ ತಡ, "ಕರ್ಕೊಂಡು ಹೋಗಿ" ಎಂದು ನನ್ನ ದುಂಬಾಲು ಬಿದ್ದರು. ಆಮೇಲೆ ಶನಿವಾರಗಳಂದು ನಾವು ಮೂವರೂ ಫ್ರೀಮಾಂಟಿನ ದೋಸೆ ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ ಸೇರುವುದು ರೂಢಿಯಾಯಿತು. ಆ ವರ್ಷದ ಹೊಸ ಮಾಡೆಲ್ಲುಗಳ ವೀಡಿಯೋಗಳನ್ನು ಮೂರ್ತಿ ಫೋನಿನಲ್ಲಿ ತೋರಿಸುವುದು, ಗೌಡರು ದೋಸೆ ಮುರಿಯುತ್ತ ಒಂದೊಂದನ್ನೇ ಮುಗಿಸುವುದು.

"ಸಾರ್, ಇದರಲ್ಲಿ ಬಟನ್ ಒತ್ತಿದರೆ ಸ್ಟಾರ್ಟು."

"ಬಟನ್ ಒತ್ತಕ್ಕೆ ಲಿಫ್ಟ್ ಐತಲ್ಲ ಮೂರ್ತಿಗಳೇ, ಅದ್ರಲ್ಲಿ ಹೋಗಿ ಬನ್ನಿ."

"ಹ್ಯಾಂಡಲ್ ಬಿಸಿಯಾಗುತ್ತೆ ಸಾರ್."

"ಕೈ ಕಾಯಿಸ್ಕಳಕ್ಕೆ ಅಷ್ಟು ದೂರ ಯಾಕ್ ಹೋಯ್ತೀರಿ? ಒಲೆ ಮುಂದೆ ಕೂತ್ಕಳಿ."

"ರಿವರ್ಸ್ ಇದೆ ಸಾರ್."

ಇದಕ್ಕೆ ಮಾತ್ರ ಗೌಡರು ಚಟ್ನಿ ಬಟ್ಟಲು ಕೆಳಗಿಟ್ಟರು. ಅವರ ಗಾಡಿಗೆ ರಿವರ್ಸ್ ಇಲ್ಲ. ತಿರುಗಿಸಬೇಕೆಂದರೆ ಇಳಿದು, ಹಿಂಭಾಗವನ್ನು ಎತ್ತಿ ಪಕ್ಕಕ್ಕೆ ಹಾಕಬೇಕು. "ಹಿಂದಕ್ಕೆ ಬರೋನು ಮುಂದಕ್ಕೆ ಯಾಕ್ ಹೋಗ್ಬೇಕಿತ್ತು?" ಎಂದರು. ಹೊಸ ಗಾಡಿಗಳಲ್ಲಿ ಅವರು ಒಪ್ಪಿಕೊಂಡಿದ್ದು ಸೀಟು ಒಂದನ್ನೇ. ಅದನ್ನೂ ಬೆನ್ನುನೋವು ಬಂದಿದ್ದ ವಾರ ಒಪ್ಪಿಕೊಂಡದ್ದು, ನೋವು ಹೋದ ಮೇಲೆ ಆ ಮಾತನ್ನು ವಾಪಸು ತೆಗೆದುಕೊಂಡರು.

ಆದರೆ ಗೌಡರ ನಿಜವಾದ ತೊಂದರೆ ಸೀಟಿನದಲ್ಲ, ನಿಂಬೆಹಣ್ಣಿನದು. ಆಯುಧಪೂಜೆಯ ದಿನ ಗರಾಜಿನಲ್ಲಿ ಜಯಕ್ಕನ ಕಾರಿಗೂ ಹಳದಿ ಗಾಡಿಗೂ ಹೂವು, ಕುಂಕುಮ, ಬೂದುಗುಂಬಳಕಾಯಿ ಎಲ್ಲ ಆಗುತ್ತಿತ್ತು. ಕಾರು ಚಕ್ರದಡಿಯ ನಿಂಬೆಹಣ್ಣನ್ನು ಫಟ್ಟನೆ ಒಡೆದು ಮುಂದೆ ಹೋಗುತ್ತಿತ್ತು. ಸ್ಟ್ಯಾಂಡಿನ ಮೇಲೆ ಕೂತ ಗಾಡಿ ಎಲ್ಲಿಗೆ ಹೋದೀತು? ನಿಂಬೆಹಣ್ಣು ಒಡೆಯದೆ ಪೂಜೆ ಮುಗಿಯುವುದಿಲ್ಲ ಎಂದು ಗೌಡರ ಹಟ. ಹೀಗಾಗಿ ಅಕ್ಟೋಬರಿನಲ್ಲಿ ಶುರುವಾದ ಅವರ ಆಯುಧಪೂಜೆ ಜನವರಿಯಲ್ಲಿ, ಹಿಮ ಬೀಳುವ ಸಿಯೆರಾ ಬೆಟ್ಟಗಳ ಮೇಲೆ ಮುಗಿಯುತ್ತಿತ್ತು.

ನಾನು, ಮೂರ್ತಿ ಮೊದಲ ಸಲ ಅವರ ಜೊತೆ ಹೋದಾಗ ಗೌಡರು ಸ್ಕೀಗಳ ಕೆಳಗೆ ಎರಡು ಹೊಸ ನಿಂಬೆಹಣ್ಣಿಟ್ಟು, ಕೈ ಮುಗಿದು, ಗಾಡಿ ಬಿಟ್ಟರು. ಹಣ್ಣುಗಳು ಒಡೆಯಲಿಲ್ಲ. ಹಿಂದಿನ ರಾತ್ರಿಯಷ್ಟೇ ಬಿದ್ದಿದ್ದ ಮೆತ್ತನೆಯ ಹಿಮದೊಳಗೆ ಇಳಿದು ಕಾಣೆಯಾದವು. ಗೌಡರು ಇಳಿದು ಬಂದು, "ಹುಡುಕ್ರಿ" ಎಂದರು. ಮೂವರೂ ಮೊಣಕಾಲೂರಿ ಹಿಮ ಬಗೆಯತೊಡಗಿದೆವು. ದಾರಿಯಲ್ಲಿ ಹೋಗುತ್ತಿದ್ದ ಅಮೆರಿಕನ್ನರ ಗುಂಪೊಂದು ಏನೋ ಅನಾಹುತವಾಗಿದೆಯೆಂದು ಗಾಡಿ ನಿಲ್ಲಿಸಿ ಓಡಿ ಬಂದಿತು. ಏನು ಕಳೆದಿದೆ ಎಂದು ಕೇಳಿದರು. ಮೂರ್ತಿ ಬಹಳ ಮರ್ಯಾದೆಯಿಂದ ನಿಂಬೆಹಣ್ಣು ಎಂದರು. ಅವರೂ ಹುಡುಕಿದರು ಪಾಪ.

ಕೊನೆಗೆ ಪರಿಹಾರ ಸಿಕ್ಕಿದ್ದು ಊಟ ಕಟ್ಟಿಕೊಂಡು ಜೊತೆಗೆ ಬಂದಿದ್ದ ಜಯಕ್ಕನಿಂದ. ಚಿತ್ರಾನ್ನದ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ಹಿಮದ ಮೇಲೆ ಮಗುಚಿಟ್ಟು, ಅದರ ಮೇಲೆ ನಿಂಬೆಹಣ್ಣಿಟ್ಟರು. ಗಾಡಿ ಹತ್ತಿತು, ಹಣ್ಣು ಒಡೆಯಿತು, ಮುಚ್ಚಳ ಅಪ್ಪಚ್ಚಿಯಾಯಿತು. "ನಮ್ಮಮ್ಮ ಕೊಟ್ಟಿದ್ ಡಬ್ಬಿ" ಎಂದು ಜಯಕ್ಕ ದಿನವಿಡೀ ಗೊಣಗಿದರು. ಆದರೆ ಆ ಚಪ್ಪಟೆ ಮುಚ್ಚಳವನ್ನು ಎಸೆಯಲಿಲ್ಲ. ಮುಂದಿನ ವರ್ಷದಿಂದ ಪೂಜೆಯ ಸಾಮಾನಿನ ಜೊತೆ ಅದೂ ಚೀಲ ಸೇರಿತು.

ಇನ್ನೊಂದು ಪ್ರಸಂಗ ಹೇಳದಿದ್ದರೆ ಗೌಡರ ಚಿತ್ರ ಪೂರ್ತಿಯಾಗುವುದಿಲ್ಲ. ಮೂರ್ತಿ ವರ್ಷಗಟ್ಟಲೆ ಹೋಲಿಸಿ, ಅಳೆದು ಸುರಿದು, ಕಡೆಗೂ ಒಂದು ಹೊಸ ಗಾಡಿ ಕೊಂಡರು. ಬಟನ್ನು, ಬಿಸಿ ಹ್ಯಾಂಡಲ್ಲು, ನಕ್ಷೆ ತೋರಿಸುವ ಪರದೆ, ರಿವರ್ಸು, ಎಲ್ಲ ಇತ್ತು. ಅದರ ಮೊದಲ ಓಟದ ದಿನವೇ ಬೆಟ್ಟದ ಮೇಲೆ ಗೌಡರ ಗಾಡಿಯ ಬೆಲ್ಟ್ ಹರಿಯಿತು. ಬೇರೆ ಬೆಲ್ಟು ಗರಾಜಿನ ಗೂಟದಲ್ಲಿ ನೇತಾಡುತ್ತಿತ್ತು. ಹಳದಿ ಗಾಡಿಯನ್ನು ಮೂರ್ತಿಯ ಗಾಡಿಗೆ ಹಗ್ಗ ಕಟ್ಟಿ ಎಳೆದು ತರಬೇಕಾಯಿತು. ಗೌಡರು ತಮ್ಮ ಗಾಡಿಯಿಂದ ಇಳಿಯಲಿಲ್ಲ. ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ತಾವೇ ಓಡಿಸುತ್ತಿರುವ ಗತ್ತಿನಲ್ಲಿ ಕೂತು ಬಂದರು. ಪಾರ್ಕಿಂಗಿಗೆ ಬಂದ ಮೇಲೆ ಮೂರ್ತಿ ಸಂಕೋಚದಿಂದಲೇ, "ನೋಡಿದಿರಾ ಸಾರ್, ಹೊಸ ಗಾಡಿ ಉಪಯೋಗಕ್ಕೆ ಬಂತು" ಎಂದರು.

"ಬಂತು ಬಂತು. ಇಳಿಜಾರಲ್ಲಿ ನಿಮ್ ಗಾಡಿ ಜಾರ್ದಂಗೆ ಹಿಂದಿಂದ ಹಿಡ್ಕಂಡಿದ್ದೋರ್ ಯಾರು?"

ಮೀಸೆಗೆ ಮಣ್ಣಿರಲಿ, ಹಿಮವೂ ಅಂಟದ ಜನ. ಅವರ ಮಾತಿಗೆ ನಾವು ನಕ್ಕೂ ನಕ್ಕೂ ಸುಸ್ತಾದೆವು, ಕಡೆಗೆ ಅವರೂ ನಕ್ಕರು.

ಆ ಮನುಷ್ಯ ಹೆದರುತ್ತಿದ್ದುದು ಒಂದಕ್ಕೇ, ಹಗ್ಗ ಎಳೆಯಲಾಗದ ದಿನಕ್ಕೆ. ಬಲಭುಜ ಸವೆದಿದೆ ಎಂದು ಡಾಕ್ಟರು ಹೇಳಿದ ಮೇಲೆ ಭಾನುವಾರದ ಹೊಗೆ ಏಳುವುದು ತಡವಾಗುತ್ತ ಬಂತು. ನಾನು ಎಳೆಯುತ್ತೇನೆಂದರೆ, "ಬ್ಯಾರೆಯೋರು ಎಳೆದ್ರೆ ಅದು ಬಾಡ್ಗೆ ಗಾಡಿ ಕಣ್ಲಾ" ಎನ್ನುತ್ತಿದ್ದರು. ಮೂರ್ತಿ ಅದಕ್ಕೆ ಬಟನ್ ಸ್ಟಾರ್ಟ್ ಕೂರಿಸುವ ಉಪಾಯ ಹೇಳಿದ್ದಕ್ಕೆ ಒಂದಷ್ಟು ಶನಿವಾರ ದೋಸೆಗೇ ಬರಲಿಲ್ಲ. ಟೆಕ್ಸಾಸಿನಲ್ಲಿರುವ ಮಗಳು ಫೋನಿನಲ್ಲಿ, "ಅಪ್ಪಾ, ಜಸ್ಟ್ ಸೆಲ್ ಇಟ್" ಎಂದಳಂತೆ. ಗೌಡರು ಅಂದು ಊಟ ಮಾಡಲಿಲ್ಲ ಎಂದು ಜಯಕ್ಕ ನನಗೆ ಹೇಳಿದರು. ಹೇಳುವಾಗ ಅವರ ಮುಖದಲ್ಲಿ ತಮಾಷೆಯಿರಲಿಲ್ಲ.

ಆ ಚಳಿಗಾಲ ಬೆಟ್ಟದ ಮೇಲೆ ಮುಚ್ಚಳ ಇಟ್ಟಾಯಿತು, ನಿಂಬೆಹಣ್ಣು ಇಟ್ಟಾಯಿತು. ಗೌಡರು ಹಗ್ಗ ಎಳೆದರು. ಗಾಡಿ ಕೆಮ್ಮಲೂ ಇಲ್ಲ. ಮತ್ತೆ ಎಳೆದರು. ಎಡಗೈಯಿಂದ ಎಳೆದರು. ಆಮೇಲೆ ಹಗ್ಗ ಬಿಟ್ಟು, ಸೀಟಿನ ಮೇಲೆ ಕೈಯಿಟ್ಟು, ನಮ್ಮ ಕಡೆ ನೋಡದೆ ನಿಂತರು. ನಾನೂ ಮೂರ್ತಿಯೂ ನೆಲ ನೋಡಿದೆವು.

"ಸರಿ ಕಣ್ಲಾ ಸೋಮ. ಟ್ರೇಲರ್‌ಗೆ ಹತ್ತುಸ್ಬುಡವ" ಎಂದು ನನಗೆ ಹೇಳಿದರು.

ಜಯಕ್ಕ ಚಿತ್ರಾನ್ನದ ಡಬ್ಬಿ ಕೆಳಗಿಟ್ಟು ಬಂದರು. "ಸರೀರಿ ಆ ಕಡೆ" ಎಂದು ಗಂಡನನ್ನು ಪಕ್ಕಕ್ಕೆ ಕಳಿಸಿ, ಚೋಕ್ ಎಳೆದು, ಅರ್ಧ ಒಳಗೆ ತಳ್ಳಿ, ಒಂದು ಕಾಲನ್ನು ಗಾಡಿಗೆ ಒತ್ತಿಕೊಟ್ಟು, ಸೊಂಟದಿಂದ ಹಗ್ಗ ಎಳೆದರು. ಗಾಡಿ ಹೊತ್ತಿಕೊಂಡಿತು. ನೀಲಿ ಹೊಗೆಯೊಳಗೆ ಗೌಡರು ಬಾಯಿ ತೆರೆದು ನಿಂತಿದ್ದರು.

"ನಿಂಗೆ ಯಾವಾಗ್ ಬಂತು ಇದು?"

"ನೀವು ಊರಿಗೆ ಹೋದಾಗೆಲ್ಲ ಸ್ಟಾರ್ಟ್ ಮಾಡ್ದೆ ಬಿಟ್ರೆ ಕೆಟ್ಟೋಯ್ತದೆ ಅಂತ ನೀವೇ ಅಲ್ವಾ ಅಂತಿದ್ದಿದ್ದು? ನಾನೇ ಮಾಡ್ತಿದ್ದೆ."

"ಯೋಳ್ಲೇ ಇಲ್ಲ?"

"ಹೇಳಿದ್ರೆ ಆ ಕೆಲ್ಸಾನೂ ನನ್ ತಲೆಗೇ ಬರೋದು."

ಗೌಡರು ನಮ್ಮನ್ನು ನೋಡಿದರು, ಗಾಡಿ ನೋಡಿದರು. ಕಾನೂನು ಕಾನೂನೇ. ಹೆಲ್ಮೆಟ್ ಹಾಕಿಕೊಂಡು, ಗಾಡಿ ತಮ್ಮದಾದ ಮೇಲೆ ಎಂದೂ ಕೂರದ ಹಿಂದಿನ ಸೀಟಿನಲ್ಲಿ ಕೂತು, ಹೆಂಡತಿಯ ಜಾಕೆಟ್ಟಿನ ಎರಡೂ ಬದಿ ಹಿಡಿದುಕೊಂಡರು. ಜಯಕ್ಕ ನಿಂಬೆಹಣ್ಣು ಒಡೆದು ಹೊರಟರು. ಮರಗಳ ನಡುವೆ ಮರೆಯಾಗುವವರೆಗೂ ಗೌಡರ ದನಿ ಕೇಳುತ್ತಿತ್ತು, "ಎಡಕ್ ವಾಲು, ಎಡಕ್ ವಾಲು ಅಂದ್ರೆ. ಅಷ್ಟು ಗ್ಯಾಸ್ ಕೊಡ್ಬ್ಯಾಡ. ಮರ ಐತೆ, ಮರ." ಅದರ ಮೇಲೆ ಜಯಕ್ಕನದು, "ಹಿಂದೆ ಕೂತೋರು ಬಾಯಿ ಬಿಡಂಗಿಲ್ಲ." ಬೆಟ್ಟದ ಮೇಲೆ ಗೌಡರನ್ನು ಅಷ್ಟು ಖುಷಿಯಾಗಿ ನಾನು ಯಾವತ್ತೂ ನೋಡಿರಲಿಲ್ಲ. ಸಂಜೆ ವಾಪಸು ಬರುವಾಗ ಫ್ರೀವೇ ಉದ್ದಕ್ಕೂ ಹೆಂಡತಿಯ ಡ್ರೈವಿಂಗಿನಲ್ಲಿ ತಪ್ಪು ಹುಡುಕುತ್ತಲೇ ಬಂದರು.

ಗೌಡರು ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಮೊದಲ ಭಾನುವಾರ ಪಕ್ಕದ ಮನೆಯ ಅಜ್ಜಿ ಎಂದಿನಂತೆ ಕಿಟಕಿ ಮುಚ್ಚಿ, ಹೊಗೆ ಬಾರದ್ದು ಕಂಡು, ಮತ್ತೆ ತೆರೆದರಂತೆ. ಗಾಡಿಯನ್ನು ಏನು ಮಾಡುತ್ತೀರಿ ಎಂದು ಕೇಳಲು ನನಗೂ ಮೂರ್ತಿಗೂ ಧೈರ್ಯ ಬರಲಿಲ್ಲ. ಸೂತಕದ ವರ್ಷವೆಂದು ಆ ಅಕ್ಟೋಬರಿನಲ್ಲಿ ಪೂಜೆಯೂ ನಡೆಯಲಿಲ್ಲ.

ಕಳೆದ ಜನವರಿಯಲ್ಲಿ ಜಯಕ್ಕನೇ ಫೋನ್ ಮಾಡಿದರು. "ಹೋದ್ ವರ್ಸ ಆಗ್ಲಿಲ್ಲ. ಈ ಸಲ ಗರಾಜಲ್ಲಿ ಮಾಡಿದ್ ಪೂಜೆ ಅರ್ಧಕ್ಕೆ ನಿಂತೈತೆ. ಮುಗುಸ್ಬೇಕು."

ಬೆಟ್ಟದ ಮೇಲೆ ಅದೇ ಚಪ್ಪಟೆ ಮುಚ್ಚಳವನ್ನು ಮೂರ್ತಿ ಇಟ್ಟರು. ಜಯಕ್ಕ ಹಗ್ಗ ಎಳೆದು ಸ್ಟಾರ್ಟ್ ಮಾಡಿ, "ಬಾ ಸೋಮು, ಕೂತ್ಕ" ಎಂದರು. ನಿಂಬೆಹಣ್ಣು ಒಡೆಯಿತು. ಹಿಂದಿನ ಸೀಟಿನಲ್ಲಿ ನಾನು ಕಾನೂನಿನ ಪ್ರಕಾರ ತುಟಿ ಬಿಚ್ಚದೆ ಕೂತಿದ್ದೆ. ಮರಗಳನ್ನು ದಾಟಿ, ಬಯಲಿಗೆ ಬಂದ ಮೇಲೆ ಅವರು ಗಾಡಿ ನಿಲ್ಲಿಸಿದರು. ಎಂಜಿನ್ ಓಡುತ್ತಲೇ ಇತ್ತು. ಏನಾದರೂ ಕೆಟ್ಟಿತೇ ಎಂದುಕೊಂಡೆ.

"ಇದ್ದೀಯೇನಪ್ಪ ಹಿಂದೆ?" ಎಂದರು, ತಿರುಗದೆ.

"ಇದ್ದೀನಿ ಅಕ್ಕ."

"ಏನಾದ್ರೂ ಅನ್ನು ಮತ್ತೆ. ಹಿಂಗ್ ಸುಮ್ನೆ ಕೂತ್ರೆ ನಂಗೆ ಓಡ್ಸಕ್ಕೇ ಆಯ್ತಾ ಇಲ್ಲ."

ಮುಂದೆ ಕಣ್ಣು ಹಾಯುವಷ್ಟು ದೂರ ಬರೀ ಬಯಲು, ಒಂದು ಗಿಡವೂ ಇರಲಿಲ್ಲ.

"ಎಡಕ್ಕೆ ವಾಲಿ ಅಕ್ಕ" ಎಂದೆ. "ಅಷ್ಟು ಗ್ಯಾಸ್ ಕೊಡಬೇಡಿ. ಮರ ಇದೆ, ಮರ."

"ನಂಗೊತ್ತು ಸುಮ್ನಿರು" ಎಂದು ಜಯಕ್ಕ ಗಾಡಿ ಮುಂದಕ್ಕೆ ಬಿಟ್ಟರು.