ಅರವತ್ತು ತೋಟಾ, ಒಂದು ಚಿಲಕ

ರೈಫಲ್ ಕ್ಲಬ್ಬಿನವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ತಕ್ಕಡಿಯಕ್ಕ ಎಂದು. ಬಂದೂಕು ರಿಪೇರಿ ಅಂಗಡಿಯ ಬೋರ್ಡಿನ ಮೇಲೆ ಇದ್ದದ್ದು ಮಾವನ ಹೆಸರು, ಗಲ್ಲಾದ ಹಿಂದೆ ಕೂರುತ್ತಿದ್ದವನು ಗಂಡ. ಆದರೆ ಹಾರಿಸಿ ಮುಗಿದ ಹಿತ್ತಾಳೆಯ ಖಾಲಿ ತೋಟಾಗಳನ್ನು ತಿಕ್ಕಿ ತೊಳೆದು, ಬುಡಕ್ಕೆ ಕಿಡಿ ಹಾರಿಸುವ ಹೊಸ ಕ್ಯಾಪು ಕೂರಿಸಿ, ಮದ್ದು ಅಳೆದು ತುಂಬಿ, ಬಾಯಿಗೆ ಗುಂಡು ಒತ್ತಿ ಮತ್ತೆ ಹಾರಿಸುವಂತೆ ಮಾಡುತ್ತಿದ್ದವಳು ಅವಳು. ಮಾವನ ಕೈ ನಡುಗತೊಡಗಿದ ಮೇಲೆ, ಎಂಟು ವರ್ಷದಿಂದ, ಅದು ಅವಳದೇ ಕೆಲಸ.

ಆ ಎಂಟು ವರ್ಷದಲ್ಲಿ ಬಾರದ ದೂರು ಕಳೆದ ಭಾನುವಾರ ಬಂತು. ಹೆಂಗಸರ ತಂಡದ ಕ್ಯಾಪ್ಟನ್ ಟ್ರಿಗರ್ ಒತ್ತಿದಾಗ ಢಂ ಎನ್ನಬೇಕಾದ ರೈಫಲ್ಲು ಟಪ್ ಎಂದಿತು. ಆ ಒಂದು ತೋಟಾದಲ್ಲಿ ಮದ್ದೇ ಇರಲಿಲ್ಲ. ಬರೀ ಕ್ಯಾಪಿನ ಬಲಕ್ಕೆ ಗುಂಡು ನಳಿಗೆಯ ಅರ್ಧಕ್ಕೆ ಹೋಗಿ ಕಚ್ಚಿಕೊಂಡಿತ್ತು. ಕ್ಯಾಪ್ಟನ್ ಪಳಗಿದ ಹೆಂಗಸು, ಸದ್ದು ಬೇರೆಯಾಯಿತೆಂದು ಕೂಡಲೇ ಕೈ ತಡೆದಳು. ತಡೆಯದೆ ಹಿಂದೆಯೇ ಇನ್ನೊಂದು ಹಾರಿಸಿದ್ದರೆ ನಳಿಗೆ ಅವಳ ಕೆನ್ನೆಯ ಪಕ್ಕದಲ್ಲೇ ಒಡೆಯುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಅದೇ ಕ್ಯಾಪ್ಟನ್ ಸ್ಕೂಟರ್ ನಿಲ್ಲಿಸಿ ಅಂಗಡಿಗೆ ನುಗ್ಗಿದಳು. ಕೈಯಲ್ಲಿ ಖಾಲಿ ತೋಟಾಗಳ ಚೀಲ.

"ಅಕ್ಕಾ, ಮಧ್ಯಾಹ್ನ ಮೂರಕ್ಕೆ ಆಯ್ಕೆ ಸ್ಪರ್ಧೆ. ಎರಡು ಹೊಡೆಯೋದ್ರೊಳಗೆ ಅರವತ್ತು ಬೇಕು. ಕಂಪನಿಯ ಹೊಸ ತೋಟಾ ಹಾಕಿ ನೋಡಿದೆ, ನನ್ನ ರೈಫಲ್ಲು ಮುನಿಸಿಕೊಂಡ ಸೊಸೆ ಹಾಗೆ ಗುರಿ ಬಿಟ್ಟು ಮುಖ ಒಂದು ಕಡೆಗೆ ತಿರುಗಿಸುತ್ತೆ."

"ಅತ್ತೆ ಹಾಗೆ ಅನ್ನು, ನಾನೇನೂ ಬೇಜಾರು ಮಾಡ್ಕೊಳಲ್ಲ," ಎಂದರು ಮೆಟ್ಟಿಲ ಬಳಿ ನಿಂತಿದ್ದ ಅತ್ತೆ.

ಕ್ಯಾಪ್ಟನ್ ನಗಲಿಲ್ಲ. "ಸೆಕ್ರೆಟರಿ ಷರತ್ತು ಹಾಕಿದಾರೆ ಅಕ್ಕಾ. ಇವತ್ತು ಒಂದೇ ಒಂದು ಹೆಚ್ಚುಕಮ್ಮಿ ಆದ್ರೂ ಕ್ಲಬ್ಬಿನ ಕೆಲಸ ಇನ್ನು ಈ ಅಂಗಡಿಗೆ ಬರಲ್ವಂತೆ."

"ಅವರದ್ದು ಇರಲಿ. ನಿನಗೆ ನನ್ನ ಮೇಲೆ ನಂಬಿಕೆ ಇದೆಯಾ ಇನ್ನೂ?"

"ಇಲ್ಲದಿದ್ರೆ ಆ ರೈಫಲ್ಲಿಗೆ ಕೆನ್ನೆ ಒತ್ತಿ ಮಲಗ್ತೀನಾ?"

ಮೂಲೆಯ ಕುರ್ಚಿಯಲ್ಲಿದ್ದ ಮಾವ ಕೆಮ್ಮಿದರು. "ನಲವತ್ತು ವರ್ಷ ಅಳೆದೆ. ಒಂದೂ ಖಾಲಿ ಹೋಗಲಿಲ್ಲ. ಮದ್ದು ಅಳೆಯೋವಾಗ ಮನಸ್ಸು ಮದ್ದಿನ ಮೇಲಿರಬೇಕಮ್ಮ, ಅಡುಗೆಮನೇಲಲ್ಲ."

ಅವಳ ಕಿವಿ ಕೆಂಪಾಯಿತು. ಆ ಖಾಲಿ ತೋಟಾ ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಾಲಿನ ಇಪ್ಪತ್ತಮೂರನೆಯದು. ಅಂಗಡಿಯ ಮೇಲಿನ ಮನೆಯಿಂದ ಗಂಡ "ಇವಳೇ, ನನ್ನ ಕಾಲುಚೀಲ ಎಲ್ಲಿ?" ಎಂದು ಕೂಗಿದ್ದ. ಕಾಲುಚೀಲದ ಮೇಲೆ ಅವನೇ ಕೂತಿದ್ದ. ಸಾಲಿನ ನಡುವೆ ಎದ್ದು ಹೋದರೆ ತುಂಬಿದ್ದೆಲ್ಲವನ್ನೂ ಮದ್ದಿನ ಡಬ್ಬಕ್ಕೆ ಸುರಿದು ಮೊದಲಿನಿಂದ ಶುರುಮಾಡಬೇಕು, ಅದು ಈ ಕೆಲಸದ ಮೊದಲ ಪಾಠ. ಆ ದಿನ ಆರು ಸಲ ಕರೆ ಬಂದಿತ್ತು. ಐದು ಸಲ ಸುರಿದಿದ್ದಳು. ಆರನೆಯ ಸಲ ಸಾಕಾಗಿಹೋಗಿ ಇಪ್ಪತ್ತನಾಲ್ಕರಿಂದ ಮುಂದುವರಿಸಿಬಿಟ್ಟಿದ್ದಳು. ತಪ್ಪು ಅವಳದೇ, ಇಲ್ಲವೆನ್ನಲು ಬಾಯಿ ಬರಲಿಲ್ಲ.

ಬಾಯಿ ಬಂದದ್ದು ಅತ್ತೆಗೆ.

"ಖಾಲಿ ಹೋಗಲಿಲ್ಲ, ಸರಿ. ಯಾಕೆ ಹೋಗಲಿಲ್ಲ ಅಂತ ಯೋಚನೆ ಮಾಡಿದೀರಾ? ನೀವು ಆ ಕೋಣೆಗೆ ಹೋದ್ರೆ ನಾನು ಈ ಮೆಟ್ಟಿಲ ಮೇಲೆ ಕೂತ್ಕೊಳ್ತಿದ್ದೆ. ಮಕ್ಕಳು ಅತ್ತರೆ ಎತ್ಕೊಂಡು ಬೀದಿಗೆ ಓಡ್ತಿದ್ದೆ. ನಿಮ್ಮ ಸ್ವಂತ ತಂಗಿ ಗಂಡ ಬಂದಾಗ ಅರ್ಧ ದಿನ ಹೊರಗೆ ಕೂರಿಸಿದ್ದೆ, ಆ ಮನುಷ್ಯ ಇವತ್ತಿಗೂ ನನ್ನ ಜೊತೆ ಮಾತಾಡಲ್ಲ. ನಲವತ್ತು ವರ್ಷ! ಇವಳಿಗೆ ಯಾರು ಕೂತಿದ್ರು? ನಾನೂ ಕೂರಲಿಲ್ಲ. ನಾನೂ ಮೇಲಿಂದ ಕೂಗಿದವಳೇ."

ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದರು.

ತಕ್ಕಡಿಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ರೀ, ಎರಡು ಗಂಟೆ ತನಕ ನಾನು ಮನೇಲಿಲ್ಲ."

"ಇಲ್ಲೇ ಇದ್ದೀಯಲ್ಲೇ?" ಎಂದ ಗಂಡ.

"ಇಲ್ಲ ಅಂದ್ಕೊಳ್ಳಿ."

ಹಿಂದಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಚಿಲಕ ತುಕ್ಕು ಹಿಡಿದು ಕೂತಿತ್ತು, ಇಕ್ಕಳದಿಂದ ನಾಲ್ಕು ಬಾರಿಸಿದ ಮೇಲೆ ಒಳಗೆ ಜಾರಿತು. ಮದುವೆಯಾಗಿ ಇಪ್ಪತ್ತೊಂದು ವರ್ಷ. ಸ್ನಾನಕ್ಕೆ ಬಿಟ್ಟರೆ ಅವಳು ಒಳಗಿನಿಂದ ಬಾಗಿಲು ಹಾಕಿಕೊಂಡದ್ದು ಇದೇ ಮೊದಲು.

ತೋಟಾಗಳನ್ನು ಸಿದ್ಧಮಾಡುವಷ್ಟರಲ್ಲಿ ಹನ್ನೊಂದೂವರೆ. ತೂತುಗಳಿದ್ದ ಮರದ ಹಲಗೆಯಲ್ಲಿ ಅರವತ್ತನ್ನೂ ನಿಲ್ಲಿಸಿದಳು. ಗಾಳಿಗೆ ತಕ್ಕಡಿಯ ತಟ್ಟೆ ಅಲುಗಬಾರದೆಂದು ಫ್ಯಾನ್ ಆರಿಸಿದಳು. ಅಳತೆಯ ಯಂತ್ರ ಮೇಜಿನ ಅಂಚಿಗೆ ಕಚ್ಚಿಕೊಂಡಿತ್ತು. ಹಿಡಿಕೆ ಎತ್ತಿದರೆ ಒಳಗಿನ ಗುಂಡಿ ಮದ್ದಿನಿಂದ ತುಂಬುತ್ತದೆ, ಇಳಿಸಿದರೆ ಅಷ್ಟೂ ಕೆಳಗೆ ಸುರಿಯುತ್ತದೆ. ಭಯಕ್ಕೆ ಅವಳು ಒಂದೊಂದನ್ನೂ ತೂಗಿದಳು. ಸುರಿ, ತೂಗು, ಮುಳ್ಳು ನಿಲ್ಲುವವರೆಗೆ ಉಸಿರು ಹಿಡಿ, ತುಂಬು. ಅಕ್ಕಸಾಲಿಗನಿಗೂ ಇಷ್ಟು ಅನುಮಾನ ಇರಲಾರದು.

ಮೂವತ್ತೊಂದನೆಯದರ ಹೊತ್ತಿಗೆ ಬಾಗಿಲು ದಬದಬ ಎಂದಿತು.

"ಇವಳೇ! ಗ್ಯಾಸ್ ಬಂದಿದೆ. ಖಾಲಿ ಸಿಲಿಂಡರ್ ಎಲ್ಲಿದೆ?"

ಅವಳು ಉತ್ತರಿಸುವ ಮೊದಲೇ ಅತ್ತೆಯ ದನಿ ಕೇಳಿತು. "ಒಲೆ ಕೆಳಗಿದೆ ಕಣೋ. ಇಪ್ಪತ್ತು ವರ್ಷದಿಂದ ಅಲ್ಲೇ ಇದೆ. ಹೋಗಿ ಪರಿಚಯ ಮಾಡ್ಕೊ!"

ಅಂಗಡಿಯಲ್ಲೇ ಕಾಯುತ್ತಿದ್ದ ಕ್ಯಾಪ್ಟನ್ ಗೊಳ್ಳೆಂದು ನಕ್ಕದ್ದು ಕೇಳಿತು. ಅವಳಿಗೂ ನಗು ಬಂತು, ಮರುಕ್ಷಣವೇ ನಗು ನಿಂತಿತು. ಮೂವತ್ತೊಂದನ್ನು ತುಂಬಿದೆನೇ? ತುಂಬಿದ್ದೆ. ಖಂಡಿತ ತುಂಬಿದ್ದೆ. ಆ ಇಪ್ಪತ್ತಮೂರರ ಬಗ್ಗೆಯೂ ಅವಳು ಹೀಗೇ ಖಂಡಿತ ಅಂದುಕೊಂಡಿದ್ದಳು. ಗಡಿಯಾರದಲ್ಲಿ ಹನ್ನೆರಡೂಮುಕ್ಕಾಲು.

ಒಂದೊಂದಾಗಿ ಮೂವತ್ತೊಂದನ್ನೂ ಡಬ್ಬಕ್ಕೆ ಸುರಿದಳು.

ಈಗ ಪ್ರತಿಯೊಂದನ್ನೂ ತೂಗುತ್ತ ಕೂತರೆ ಮೂರು ದಾಟಿಹೋಗುತ್ತದೆ. ಅವಳು ಕೈ ಒರೆಸಿಕೊಂಡು, ಎಂಟು ವರ್ಷದಿಂದ ತನ್ನ ಕೈಗೆ ತಿಳಿದಿದ್ದನ್ನು ಕೈಗೇ ಬಿಟ್ಟಳು. ಯಂತ್ರದ ಮೇಲಿನ ಡಬ್ಬಿಯಲ್ಲಿ ಮದ್ದು ತಗ್ಗಿದರೆ ಅಳತೆಯೂ ತಗ್ಗುತ್ತದೆ, ಅದಕ್ಕೇ ಆಗಾಗ ತುಂಬಿಕೊಳ್ಳಬೇಕು. ಹಿಡಿಕೆ ಎತ್ತುವ ವೇಗ ಒಂದೇ ಇರಬೇಕು, ಇಳಿಸಿದಾಗ ತಾಕುವ ಟಕ್ ಒಂದೇ ಇರಬೇಕು. ಅವಸರಪಟ್ಟರೆ ಹೆಚ್ಚು ಬೀಳುತ್ತದೆ, ಅಂಜಿದರೆ ಕಡಿಮೆ. ಎತ್ತು, ಟಕ್. ಇಳಿಸು, ಟಕ್. ಮೊದಲ ಹತ್ತನ್ನು ಯಂತ್ರಕ್ಕೆ ಹದ ಬರಲೆಂದು ವಾಪಸ್ ಸುರಿದಳು. ಹನ್ನೊಂದನೆಯದನ್ನು ತಕ್ಕಡಿಗೆ ಹಾಕಿದರೆ ಮುಳ್ಳು ಗೆರೆಯ ಮೇಲೆ ಹೋಗಿ ಗಪ್ಪನೆ ನಿಂತಿತು. ಅಲ್ಲಿಂದ ಹತ್ತಕ್ಕೊಂದು ತೂಗಿದಳು. ಹತ್ತು, ಗೆರೆ. ಇಪ್ಪತ್ತು, ಗೆರೆ. ಮೂವತ್ತು, ಗೆರೆ! ಹಣೆಯ ಬೆವರು ರೆಪ್ಪೆಗಿಳಿಯಿತು, ಒರೆಸಲಿಲ್ಲ. ಹೊರಗೆ ಏನೋ ಬಿದ್ದು ಒಡೆಯಿತು. ಯಾರೋ ಯಾರನ್ನೋ ಬೈದರು. ಅದು ಬೇರೆ ಯಾರದೋ ಮನೆ ಎಂಬಂತೆ ಅವಳು ಹಿಡಿಕೆ ಎತ್ತಿದಳು. ಅರವತ್ತು, ಗೆರೆ!

ಹಲಗೆಯನ್ನು ದೀಪದ ಕೆಳಗೆ ಓರೆಮಾಡಿ ಅರವತ್ತು ಬಾಯಿಗಳೊಳಗೂ ಇಣುಕಿದಳು. ಮದ್ದು ಎಲ್ಲದರಲ್ಲೂ ಒಂದೇ ಮಟ್ಟದಲ್ಲಿತ್ತು. ಗುಂಡು ಒತ್ತಿ ಮುಗಿಸಿ ಚಿಲಕ ತೆಗೆದಾಗ ಎರಡಕ್ಕೆ ಐದು ನಿಮಿಷ.

"ಕೊಡು, ನಾನು ತಲುಪಿಸಿ ಬರ್ತೀನಿ," ಎಂದ ಗಂಡ, ಅಭ್ಯಾಸಬಲದಿಂದ.

"ಬೇಡ, ನಾನೇ ಹೋಗ್ತೀನಿ," ಎಂದವಳೇ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕ್ಯಾಪ್ಟನ್ನಿನ ಸ್ಕೂಟರ್ ಹತ್ತಿದಳು.

ಸಾವಿರಾರು ತೋಟಾ ತುಂಬಿದವಳು ಅವುಗಳಲ್ಲಿ ಒಂದೂ ಹಾರುವುದನ್ನು ನೋಡಿರಲಿಲ್ಲ. ಕ್ಲಬ್ಬಿನ ಮೈದಾನದಲ್ಲಿ ಕಿವಿಗೆ ಹತ್ತಿ ತುರುಕಿ, ಸೆಕ್ರೆಟರಿಯ ಪಕ್ಕದ ಬೆಂಚಿನಲ್ಲಿ ಕೂತು ಬೆರಳು ಮಡಿಚಿ ಎಣಿಸಿದಳು. ಢಂ. ಢಂ. ಇಪ್ಪತ್ತಮೂರಕ್ಕೆ ಕಣ್ಣು ಮುಚ್ಚಿದಳು. ಢಂ! ನಲವತ್ತು ದಾಟುವಾಗ ತಾನು ಎದ್ದು ನಿಂತಿದ್ದೂ ಅವಳಿಗೆ ಗೊತ್ತಾಗಲಿಲ್ಲ. ಐವತ್ತೆಂಟು. ಐವತ್ತೊಂಬತ್ತು. ಕ್ಯಾಪ್ಟನ್ ಬಹಳ ಹೊತ್ತು ಗುರಿ ಹಿಡಿದಳು. ಢಂ!

ಕ್ಯಾಪ್ಟನ್ ಎದ್ದು ಮೊಣಕೈ ಧೂಳು ಕೊಡವಿಕೊಳ್ಳುತ್ತ ಬಂದಳು. "ಅಕ್ಕಾ, ಒಂದೂ ಬೇರೆ ಅನ್ನಿಸಲಿಲ್ಲ. ಒಂದೇ ತೋಟಾನ ಅರವತ್ತು ಸಲ ಹೊಡೆದ ಹಾಗಿತ್ತು!"

ಆಯ್ಕೆಗೆ ಬೇಕಾದ್ದಕ್ಕಿಂತ ನಾಲ್ಕು ಅಂಕ ಹೆಚ್ಚೇ ಬಂದಿತ್ತು. ತಕ್ಕಡಿಯಕ್ಕ ಕ್ಯಾಪ್ಟನ್ ಮಲಗಿ ಹೊಡೆದಿದ್ದ ಚಾಪೆಯ ಪಕ್ಕ ಬಗ್ಗಿ ಒಂದು ಖಾಲಿ ತೋಟಾ ಎತ್ತಿಕೊಂಡಳು. ಬೆರಳು ಚುರುಗುಟ್ಟಿತು. ಎಂಟು ವರ್ಷ ಅವಳ ಕೈಗೆ ಬಂದವೆಲ್ಲ ತಣ್ಣಗಿದ್ದವು. ಇದು ಬಿಸಿ. ಕೈಯಿಂದ ಕೈಗೆ ಹಾರಿಸುತ್ತ ಅವಳು ಜೋರಾಗಿ ನಕ್ಕಳು.

ಸೆಕ್ರೆಟರಿ ಗಂಟಲು ಸರಿಮಾಡಿಕೊಂಡರು. "ಫೈನಲ್ಲಿಗೆ ಮುನ್ನೂರು ಬೇಕಾಗುತ್ತೆ. ನಿಮ್ಮ ಯಜಮಾನರಿಗೆ ಒಂದು ಮಾತು ಹೇಳಿಬಿಡಿ."

"ಅವರಿಗೆ ಹೇಳಿದ್ರೆ ಆಗಲ್ಲ ಸಾರ್, ಅಳೆಯೋಳು ನಾನು. ಚಿಲಕ ಹಾಕ್ಕೊಂಡು ಕೂತ್ರೆ ಮುನ್ನೂರಕ್ಕೆ ಐದು ಬೆಳಿಗ್ಗೆ ಹಿಡಿಯುತ್ತೆ. ಸೋಮವಾರದಿಂದ ಶುಕ್ರವಾರ. ಬರ್ಕೊಳ್ಳಿ."

ಸೆಕ್ರೆಟರಿ ಪೆನ್ನಿಗಾಗಿ ಜೇಬು ತಡಕಿದರು.